ಹೆಣದ ಮುಂದಿನ ಅರ್ಧ ಗಂಟೆ

ತಾಂಜಾನಿಯಾದ ಗೊರೊಂಗೊರೊ ಎಂಬಲ್ಲಿ, ಎಂದೋ ಕುಸಿದು ತಣ್ಣಗಾದ ಜ್ವಾಲಾಮುಖಿಯ ಒಡಲೊಳಗೆ, ಸುಮಾರು 260 ಚದರ ಕಿಲೋಮೀಟರ್ ಹರವಿನ ಬಯಲೊಂದಿದೆ. ಅಲ್ಲಿ ಬೆಳಕು ಹರಿಯುವ ಹೊತ್ತಿಗೆ ಕಾಣಸಿಗುವ ನೋಟವೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಗಂಡುಸಿಂಹವೊಂದು ಮತ್ತು ಎರಡು ಸಿಂಹಿಣಿಗಳು ದೊಡ್ಡ ಹುಲ್ಲೆಯಾದ ವಿಲ್ಡೆಬೀಸ್ಟ್‌ನ ಹೆಣದ ಮೇಲೆ ಬಾಗಿ ತಿನ್ನುತ್ತಿವೆ. ಅನತಿ ದೂರದಲ್ಲಿ ಹತ್ತು ಹದಿನೈದು ಕತ್ತೆಕಿರುಬಗಳು ಅತ್ತಿತ್ತ ಸುಳಿಯುತ್ತ, ಕೂರುತ್ತ, ಏಳುತ್ತ ಕಾಯುತ್ತಿವೆ. ಇದನ್ನು ಕಂಡ ಯಾರೇ ಆದರೂ ಕ್ಷಣವೂ ಯೋಚಿಸದೆ ಕಥೆ ಕಟ್ಟಿಬಿಡುತ್ತಾರೆ: ಬೇಟೆ ಸಿಂಹದ್ದು, ಎಂಜಲು ಕತ್ತೆಕಿರುಬದ್ದು. ನಾನೂ ಬಹುಕಾಲ ಹಾಗೆಯೇ ನಂಬಿದ್ದವನು. ಆದರೆ ಇಂಥ ದೃಶ್ಯವನ್ನು ತುಸು ಹತ್ತಿರದಿಂದ ನೋಡಿದರೆ, ಕಾಯುತ್ತಿರುವ ಪ್ರಾಣಿಗಳ ಮೂತಿ, ಕೊರಳು, ಎದೆ ಎಲ್ಲವೂ ಒಣಗುತ್ತಿರುವ ರಕ್ತದಿಂದ ಕಪ್ಪಾಗಿರುವುದೂ, ತಿನ್ನುತ್ತಿರುವ ಸಿಂಹದ ಕೇಸರ ಇನ್ನೂ ಕೆಂಪಾಗದೆ ಇರುವುದೂ ಎಷ್ಟೋ ಸಲ ಕಣ್ಣಿಗೆ ಬೀಳುತ್ತದೆ. ಊಟಕ್ಕೆ ಮೊದಲು ಕೂತವರು ಯಾರು ಎಂಬುದು ಅವುಗಳ ಮೈಮೇಲೇ ಬರೆದಿದೆ. ನಾವು ತಡವಾಗಿ ಬಂದಿರುತ್ತೇವೆ, ಓದುವುದೂ ಇಲ್ಲ.

ಅದನ್ನು ತಾಳ್ಮೆಯಿಂದ ಓದಿದವರಲ್ಲಿ ಮೊದಲಿಗರೆಂದರೆ ನೆದರ್ಲೆಂಡ್ಸ್ ಮೂಲದ ಪ್ರಾಣಿವಿಜ್ಞಾನಿ ಹಾನ್ಸ್ ಕ್ರೂಕ್. 1960ರ ದಶಕದಲ್ಲಿ ಅವರು ಗೊರೊಂಗೊರೊ ಮತ್ತು ಸೆರೆಂಗೆಟಿಯಲ್ಲಿ, ಹಗಲಿನ ಬದಲು ರಾತ್ರಿಯನ್ನೇ ಕೆಲಸದ ಹೊತ್ತಾಗಿ ಮಾಡಿಕೊಂಡು, ಚುಕ್ಕೆ ಕತ್ತೆಕಿರುಬಗಳನ್ನು ಬೆಳದಿಂಗಳಲ್ಲಿ ಹಿಂಬಾಲಿಸಿದರು. ಅವರಿಗೆ ಕಂಡದ್ದು ಹೆಣ ಹುಡುಕುತ್ತ ಅಲೆಯುವ ಪ್ರಾಣಿಯಲ್ಲ; ಗಂಟೆಗೆ ಐವತ್ತು ಅರವತ್ತು ಕಿಲೋಮೀಟರ್ ವೇಗದಲ್ಲಿ, ಮೈಲುಗಟ್ಟಲೆ, ಉಸಿರು ಕಟ್ಟದೆ ಬೆನ್ನಟ್ಟಿ ವಿಲ್ಡೆಬೀಸ್ಟ್ ಮತ್ತು ಜೀಬ್ರಾಗಳನ್ನು ಕೆಡಹುವ ಬೇಟೆಗಾರ. ಗೊರೊಂಗೊರೊದಲ್ಲಿ ಆ ಪ್ರಾಣಿಗಳು ತಿನ್ನುತ್ತಿದ್ದ ಆಹಾರದಲ್ಲಿ ಬಹುಪಾಲು ಅವು ತಾವೇ ಕೊಂದದ್ದಾಗಿತ್ತು. ಕತ್ತಲಲ್ಲಿ ಅವು ಮಾಡಿದ ಬೇಟೆಯನ್ನು ಸದ್ದು ಕೇಳಿ ಬಂದ ಸಿಂಹಗಳು ಕಿತ್ತುಕೊಳ್ಳುತ್ತಿದ್ದವು. ಬೆಳಗಿನ ಪ್ರವಾಸಿಗರು ಕಾಣುತ್ತಿದ್ದುದು ಈ ಎತ್ತಂಗಡಿಯ ಕೊನೆಯ ಅಂಕವನ್ನು ಮಾತ್ರ. 1972ರಲ್ಲಿ ಕ್ರೂಕ್ ತಮ್ಮ ಅಧ್ಯಯನವನ್ನು ಪ್ರಕಟಿಸಿದ ಮೇಲೂ ಕತ್ತೆಕಿರುಬಕ್ಕೆ ಅಂಟಿದ ಕಳ್ಳನೆಂಬ ಹೆಸರು ಹೋಗಿಲ್ಲ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಹಾಗೆಂದು ಈಗ ಕಳ್ಳನ ಪಟ್ಟವನ್ನು ಸಿಂಹದ ತಲೆಗೆ ಕಟ್ಟುವುದೂ ಸರಿಯಲ್ಲ. ಎರಡೂ ಕೊಲ್ಲುತ್ತವೆ, ಎರಡೂ ಕಸಿಯುತ್ತವೆ. ಯಾವುದು ಹೆಚ್ಚು ಎಂಬುದು ಜಾಗದಿಂದ ಜಾಗಕ್ಕೆ, ಆಯಾ ಜಾಗದಲ್ಲಿ ಯಾರ ಸಂಖ್ಯೆ ಎಷ್ಟಿದೆ ಎಂಬುದರ ಮೇಲೆ ಬದಲಾಗುತ್ತದೆ. ಎರಡರ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಒಂದೇ ಆಗಿರುವಾಗ ಮುಖಾಮುಖಿ ತಪ್ಪಿದ್ದಲ್ಲ. ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಹೋದಂತೆ ನನಗೆ ಮನವರಿಕೆಯಾದ ಒಂದು ಮಾತನ್ನಷ್ಟೇ ಇಲ್ಲಿ ಹೇಳಬೇಕಾಗಿದೆ. ದೊಡ್ಡ ಬೇಟೆಗಾರರ ನಡುವಿನ ಸ್ಪರ್ಧೆಯನ್ನು ನಾವು ಬಲದ ಸ್ಪರ್ಧೆ ಎಂದುಕೊಳ್ಳುತ್ತೇವೆ. ಅದು ಅದಕ್ಕಿಂತ ಹೆಚ್ಚಾಗಿ ಹೊತ್ತಿನ ಸ್ಪರ್ಧೆ. ಬೇಟೆ ನೆಲಕ್ಕೆ ಬಿದ್ದ ಗಳಿಗೆಯಿಂದ, ತನಗಿಂತ ಬಲಶಾಲಿಯಾದವನು ಬಂದು ನಿಲ್ಲುವ ಗಳಿಗೆಯವರೆಗೆ ಎಷ್ಟು ನಿಮಿಷ ಸಿಗುತ್ತದೆ, ಅಷ್ಟರಲ್ಲಿ ಎಷ್ಟು ಹೊಟ್ಟೆಗೆ ಹೋಗುತ್ತದೆ ಎಂಬುದೇ ಅದರ ತಿರುಳು.

ಈ ಕಣ್ಣಿನಿಂದ ನೋಡಿದರೆ ಕತ್ತೆಕಿರುಬದ ದೇಹದ ಒಂದೊಂದು ಭಾಗವೂ ಅವಸರಕ್ಕೆಂದೇ ರೂಪುಗೊಂಡಂತೆ ಕಾಣುತ್ತದೆ. ಅದರ ತಲೆಬುರುಡೆಯನ್ನು ಕೈಯಲ್ಲಿ ಹಿಡಿದು ನೋಡುವವರು ಮೊದಲು ಗಮನಿಸುವುದು ಕೋರೆಹಲ್ಲಿನ ಹಿಂದೆ ಸಾಲಾಗಿ ನಿಂತ ದಪ್ಪನೆಯ, ಮೊಂಡು ಶಂಕುವಿನಾಕಾರದ ಮುಂದವಡೆ ಹಲ್ಲುಗಳನ್ನು. ಎಲುಬು ಒಡೆಯುವುದು ಇವುಗಳ ಕೆಲಸ. ಅವುಗಳ ಹಿಂದೆ, ದವಡೆಯ ಕೀಲಿಗೆ ಹತ್ತಿರವಾಗಿ, ಕತ್ತರಿಯ ಅಲಗುಗಳಂತೆ ಒಂದರ ಪಕ್ಕ ಒಂದು ಸರಿಯುವ ಉದ್ದನೆಯ ಹಲ್ಲುಗಳಿವೆ. ಚರ್ಮ, ಮಾಂಸ, ಸ್ನಾಯುಗಳನ್ನು ತುಂಡರಿಸುವುದು ಇವುಗಳ ಪಾಲಿನ ಕೆಲಸ. ಒಡೆಯುವ ಹಲ್ಲೇ ಬೇರೆ, ಕತ್ತರಿಸುವ ಹಲ್ಲೇ ಬೇರೆ ಆದ್ದರಿಂದ ವರ್ಷಗಟ್ಟಲೆ ಎಲುಬು ಕಡಿದರೂ ಅಲಗಿನ ಹರಿತ ಕೆಡುವುದಿಲ್ಲ. ಮುದಿ ಕತ್ತೆಕಿರುಬದ ಮುಂದವಡೆ ಹಲ್ಲುಗಳು ಸವೆದು ಚಪ್ಪಟೆಯಾಗಿರುತ್ತವೆ, ಆದರೂ ಅದು ಮಾಂಸ ಕತ್ತರಿಸಬಲ್ಲದು. ಈ ಹಲ್ಲುಗಳ ಹೊರಕವಚದ ಎಳೆಗಳು ಸೂಕ್ಷ್ಮದರ್ಶಕದಡಿ ಅಂಕುಡೊಂಕಾಗಿ ಹೆಣೆದುಕೊಂಡಿರುವುದು ಕಾಣುತ್ತದೆ. ಬಿರುಕೊಂದು ಹುಟ್ಟಿದರೂ ನೇರವಾಗಿ ಸೀಳಿಕೊಂಡು ಹೋಗದಂತೆ ಆ ಹೆಣಿಗೆ ತಡೆಯುತ್ತದೆ.

ಹೀಗೆ ನುಂಗಿದ ಎಲುಬನ್ನು ಕರಗಿಸುವಷ್ಟು ತೀಕ್ಷ್ಣವಾದ ಆಮ್ಲ ಅದರ ಹೊಟ್ಟೆಯಲ್ಲಿದೆ. ಅದರ ಮಲ ಒಣಗಿದಾಗ ಸುಣ್ಣದಂತೆ ಬೆಳ್ಳಗಾಗುವುದು ಈ ಕಾರಣಕ್ಕೆ. ಐವತ್ತು ಅರವತ್ತು ಕಿಲೋ ತೂಗುವ ಪ್ರಾಣಿ ಒಂದೇ ಊಟದಲ್ಲಿ ಹದಿನಾಲ್ಕು ಕಿಲೋದಷ್ಟು ತಿನ್ನಬಲ್ಲದು. ದೊಡ್ಡ ಗುಂಪೊಂದು ಸೇರಿತೆಂದರೆ ಇಡೀ ಜೀಬ್ರಾ ಅರ್ಧ ಗಂಟೆಯ ಆಸುಪಾಸಿನಲ್ಲಿ ಹೇಳಹೆಸರಿಲ್ಲದಂತೆ ಮಾಯವಾಗುತ್ತದೆ. ನೆಲದ ಮೇಲೆ ಉಳಿಯುವುದು ರಕ್ತದ ಕಲೆ, ಹೊಟ್ಟೆಯೊಳಗಿನ ಅರೆಜೀರ್ಣ ಹುಲ್ಲು, ಒಮ್ಮೊಮ್ಮೆ ತಲೆಬುರುಡೆ. ಅದನ್ನು ಹೊಟ್ಟೆಬಾಕತನ ಎಂದು ಕರೆಯುವವರಿದ್ದಾರೆ. ಅರ್ಧ ಗಂಟೆ ಕಳೆದರೆ ಇಡೀ ಹೆಣವೇ ಬೇರೆಯವರ ಪಾಲಾಗಬಹುದು ಎಂಬ ಸ್ಥಿತಿಯಲ್ಲಿ ಸಾವಧಾನವಾಗಿ ತಿಂದ ಪ್ರಾಣಿಯ ಮರಿಗಳು ಬದುಕಿ ಉಳಿದಿರಲಾರವು.

ಆದರೆ ಈ ಅವಸರಕ್ಕೆ ಎದುರಾಗಿ ಅದರ ಗಂಟಲೇ ನಿಂತಿದೆ. ಕೆಳಗಿನಿಂದ ಎದ್ದು ಮೇಲಕ್ಕೇರುವ ಅದರ ಉದ್ದ ಕೂಗು ಕಿಲೋಮೀಟರುಗಟ್ಟಲೆ ಕೇಳಿಸುತ್ತದೆ. ಪ್ರತಿಯೊಂದರ ಕೂಗೂ ಬೇರೆ, ಕುಲದ ಸದಸ್ಯರು ಕೇಳಿದಾಕ್ಷಣ ಗುರುತಿಸುತ್ತಾರೆ. ಕುಲವೆಂದರೆ ಒಟ್ಟಿಗೇ ತಿರುಗುವ ಹಿಂಡಲ್ಲ. ಐವತ್ತು, ಎಂಬತ್ತು, ಕೆಲವೆಡೆ ಅದಕ್ಕೂ ಹೆಚ್ಚು ಸದಸ್ಯರಿರುವ, ದಿನದ ಹೆಚ್ಚು ಹೊತ್ತು ಒಂಟಿಯಾಗಿಯೋ ಎರಡು ಮೂರಾಗಿಯೋ ಚದುರಿರುವ, ಹೆಣ್ಣುಗಳದೇ ಮೇಲುಗೈಯಾದ ಸಮಾಜ ಅದು. ಕೂಗು ಈ ಚದುರಿದ ಬಲವನ್ನು ಒಂದೆಡೆಗೆ ಕರೆಯುತ್ತದೆ. ಆದರೆ ಅದೇ ಕೂಗನ್ನೂ, ಹೆಣದ ಸುತ್ತ ಕಚ್ಚಾಡುವಾಗ ಹೊಮ್ಮುವ ನಗುವಿನಂಥ ಸದ್ದನ್ನೂ ಸಿಂಹಗಳೂ ಕೇಳಿಸಿಕೊಳ್ಳುತ್ತವೆ. ಆ ಎರಡನೆಯ ಸದ್ದು ನಗುವಲ್ಲ. ಬಲಶಾಲಿಯ ಮುಂದೆ ತಗ್ಗಿದ, ತುತ್ತು ಸಿಗದೆ ತಳಮಳಿಸುವ ಪ್ರಾಣಿಯ ಕೀರಲು. ಸಂಶೋಧಕರು ಇಂಥ ಸದ್ದನ್ನು ಧ್ವನಿವರ್ಧಕದಲ್ಲಿ ಕೇಳಿಸಿದಾಗ ಸಿಂಹಗಳು ನಿದ್ದೆಯಿಂದ ಎದ್ದು ನೇರವಾಗಿ ಅತ್ತ ನಡೆದುಬರುತ್ತವೆ. ಸಹಾಯಕ್ಕೆ ಕರೆದರೆ ಶತ್ರುವೂ ಬರುತ್ತಾನೆ, ಕರೆಯದಿದ್ದರೆ ಒಂಟಿಯಾಗಿ ಶತ್ರುವನ್ನು ಎದುರಿಸಬೇಕು. ಇಂಥ ಇಕ್ಕಟ್ಟಿನಲ್ಲಿ ಪ್ರತಿ ರಾತ್ರಿ ಬದುಕುವ ಪ್ರಾಣಿಯನ್ನು ನಾವು ಹೇಡಿ ಎಂದು ಹಳಿದಿದ್ದೇವೆ.

ಸಿಂಹ ಬಂದು ನಿಂತ ಮೇಲೆ ಆಗುವುದೇನು? ಇಲ್ಲಿ ಲೆಕ್ಕ ಶುರುವಾಗುತ್ತದೆ, ಮತ್ತು ಆ ಲೆಕ್ಕವನ್ನು ಎರಡೂ ಕಡೆಯವರು ಮಾಡುತ್ತಾರೆ. ಉತ್ತರ ಬೋಟ್ಸ್‌ವಾನಾದ ಚೋಬೆ ರಾಷ್ಟ್ರೀಯ ಉದ್ಯಾನದ ಸವೂಟಿಯಲ್ಲಿ ಸಂಶೋಧಕಿ ಸೂಸನ್ ಕೂಪರ್ ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು. ಅಲ್ಲಿ ಸಿಂಹಿಣಿಗಳು ಮತ್ತು ಎಳೆಯ ಸಿಂಹಗಳು ತಾವು ಕೊಂದ ಬೇಟೆಯ ಸುಮಾರು ಐದನೇ ಒಂದು ಭಾಗದಷ್ಟು ಮಾಂಸವನ್ನು ಕತ್ತೆಕಿರುಬಗಳಿಗೆ ಕಳೆದುಕೊಳ್ಳುತ್ತಿದ್ದವು. ಪ್ರತಿ ಸಿಂಹಿಣಿಗೆ ನಾಲ್ಕಕ್ಕಿಂತ ಹೆಚ್ಚು ಕತ್ತೆಕಿರುಬಗಳು ಸೇರಿದಾಗ ಹೆಣ ಕೈಬದಲಾಗುತ್ತಿತ್ತು. ಆದರೆ ಒಂದೇ ಒಂದು ಪ್ರಾಯದ ಗಂಡುಸಿಂಹ ಅಲ್ಲಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತಿತ್ತು. ಎಷ್ಟೇ ಮಂದಿ ಸೇರಿದರೂ ಅದರ ಎದುರು ಕತ್ತೆಕಿರುಬಗಳು ಗೆಲ್ಲುತ್ತಿರಲಿಲ್ಲ. ಕತ್ತೆಕಿರುಬದ ಮೂರು ನಾಲ್ಕು ಪಟ್ಟು ತೂಕ, ಮೇಲೆರಗುವ ಸಿಟ್ಟು, ಮೇಲೆ ಬಿದ್ದರೆ ಒಂದೇ ಕಡಿತಕ್ಕೆ ಬೆನ್ನುಮೂಳೆ ಮುರಿಯುವ ದವಡೆ. ಸೋಮಾರಿ ಎಂದು ಹೆಸರಾದ ಗಂಡುಸಿಂಹ ತನ್ನ ಗುಂಪಿಗೆ ಏನು ಕೊಡುತ್ತದೆ ಎಂಬ ಪ್ರಶ್ನೆಗೆ ಒಂದು ಉತ್ತರ ಇಲ್ಲಿದೆ: ಅದು ಸಿಂಹಿಣಿಗಳಿಗೆ ನೆಮ್ಮದಿಯಿಂದ ತಿನ್ನುವ ಹೊತ್ತನ್ನು ಕೊಡುತ್ತದೆ.

ಇಂಥ ಹೊತ್ತಿನಲ್ಲಿ ಕತ್ತೆಕಿರುಬಗಳ ನಡೆಯನ್ನು ನೋಡಬೇಕು. ಒಂದೊಂದೇ ಬಂದು ಸೇರುತ್ತವೆ. ಬಾಲಗಳು ಬೆನ್ನಿನ ಮೇಲೆ ನೆಟ್ಟಗೆ ಏಳುತ್ತವೆ, ಕುತ್ತಿಗೆಯ ಕೂದಲು ನಿಗುರುತ್ತದೆ, ಗಂಟಲಿನಿಂದ ಹಸುವಿನ ತಗ್ಗುದನಿಯನ್ನು ಹೋಲುವ ಸದ್ದು ಹೊರಡುತ್ತದೆ. ಭುಜಕ್ಕೆ ಭುಜ ತಾಗುವಷ್ಟು ಒತ್ತಾಗಿ ನಿಂತು ಮುಂದಕ್ಕೆ ಸರಿಯುತ್ತವೆ. ಒಂಟಿಯಾಗಿ ಯಾವುದೂ ಹೋಗುವುದಿಲ್ಲ, ಏಕೆಂದರೆ ಮುಂದೆ ಹೋದದ್ದು ಸಾಯುತ್ತದೆ. ಗುಂಪು ಮುಂದೆ ಹೋದರೆ ಸಿಂಹಿಣಿ ಯಾರ ಮೇಲೆ ಬೀಳಬೇಕೆಂದು ತೀರ್ಮಾನಿಸಲಾಗದೆ ತಿರುಗುತ್ತದೆ, ಅಷ್ಟರಲ್ಲಿ ಹಿಂದಿನಿಂದ ಬಂದದ್ದು ಅದರ ತೊಡೆಗೆ ಬಾಯಿ ಹಾಕುತ್ತದೆ. ಕೀನ್ಯಾದ ಮಸಾಯಿ ಮಾರಾದಲ್ಲಿ 1988ರಿಂದ ಒಂದೇ ಕುಲದ ತಲೆಮಾರುಗಳನ್ನು ಹೆಸರು ಹಿಡಿದು ಗುರುತಿಸುತ್ತ ಬಂದಿರುವ ಕೇ ಹೋಲ್‌ಕ್ಯಾಂಪ್ ಮತ್ತು ಅವರ ತಂಡದವರು ಇಂಥ ನೂರಾರು ಮುಖಾಮುಖಿಗಳನ್ನು ದಾಖಲಿಸಿದ್ದಾರೆ. ಅಲ್ಲಿಯೇ ನಡೆದು 2011ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಅಪರಿಚಿತ ಕತ್ತೆಕಿರುಬಗಳ ಕೂಗನ್ನು ಒಂದು, ಎರಡು, ಮೂರು ದನಿಗಳಲ್ಲಿ ಕೇಳಿಸಿದಾಗ, ಕೇಳುತ್ತಿದ್ದ ಪ್ರಾಣಿಗಳ ಎಚ್ಚರಿಕೆ ದನಿಗಳ ಸಂಖ್ಯೆಗೆ ತಕ್ಕಂತೆ ಏರುತ್ತಿತ್ತು. ಸೆರೆಂಗೆಟಿಯ ಸಿಂಹಿಣಿಗಳೂ ಅಷ್ಟೆ. 1994ರ ಅಧ್ಯಯನದಲ್ಲಿ ಒಂದು ಗರ್ಜನೆಗೆ ಮುನ್ನುಗ್ಗಿದವು ಮೂರು ಗರ್ಜನೆಗೆ ಹಿಂಜರಿದವು. ಕತ್ತಲಲ್ಲಿ ನಡೆಯುವ ಈ ಜಗಳದಲ್ಲಿ ಎಣಿಸಲು ಬಾರದ ಪ್ರಾಣಿಗೆ ಉಳಿಗಾಲವಿಲ್ಲ.

ಲೆಕ್ಕ ತಪ್ಪಿದಾಗ ತೆರಬೇಕಾದ ದಂಡ ಮಾತ್ರ ಎರಡೂ ಕಡೆಗೆ ಸಮನಲ್ಲ. ಮನುಷ್ಯರ ಕೈವಾಡ ಕಡಿಮೆಯಿರುವ ಕಡೆಗಳಲ್ಲಿ ಪ್ರಾಯದ ಕತ್ತೆಕಿರುಬಗಳ ಸಾವಿಗೆ ದೊಡ್ಡ ಕಾರಣ ಸಿಂಹವೇ. ನಮೀಬಿಯಾದ ಎಟೋಶಾದಲ್ಲೂ ಕಂಡದ್ದು ಅದೇ. ಕೊಂದ ಸಿಂಹ ಸಾಮಾನ್ಯವಾಗಿ ಅದನ್ನು ತಿನ್ನುವುದಿಲ್ಲ. ಕೊಂದು, ಬಿಟ್ಟು, ನಡೆದುಬಿಡುತ್ತದೆ. ಪ್ರತಿಯಾಗಿ ಕತ್ತೆಕಿರುಬಗಳು ಒಂಟಿ ಸಿಕ್ಕ ಮುದಿ ಅಥವಾ ಗಾಯಗೊಂಡ ಸಿಂಹವನ್ನು, ಕಾವಲಿಲ್ಲದ ಮರಿಯನ್ನು ಕೊಲ್ಲುವುದುಂಟು, ಆದರೆ ತಕ್ಕಡಿ ಯಾವ ಕಡೆಗೆ ವಾಲಿದೆ ಎಂಬುದರಲ್ಲಿ ಅನುಮಾನವಿಲ್ಲ. ಇಷ್ಟಾಗಿಯೂ ಆಫ್ರಿಕಾದ ಅನೇಕ ಕಡೆ ಸಿಂಹ ಹೆಚ್ಚಿರುವಲ್ಲಿ ಕತ್ತೆಕಿರುಬಗಳೂ ಹೆಚ್ಚಿವೆ. ಬೇಟೆ ಸಮೃದ್ಧವಾಗಿದ್ದರೆ ಎರಡೂ ಹೆಚ್ಚುತ್ತವೆ. ಒಂದು ಇನ್ನೊಂದನ್ನು ಹೊರಹಾಕುವುದಿಲ್ಲ.

ಕತ್ತೆಕಿರುಬವೇ ಬಲಶಾಲಿಯ ಜಾಗದಲ್ಲಿ ನಿಂತಾಗ ಕಥೆ ಬೇರೆ. ಸಿಂಹದ ಮುಂದೆ ಅದು ಅನುಭವಿಸುವುದನ್ನೇ ತನಗಿಂತ ಚಿಕ್ಕವರಿಗೆ ಉಣಿಸುತ್ತದೆ. ಇಲ್ಲಿ ಕಾಡುನಾಯಿ ಮತ್ತು ಚೀತಾ ಎಂಬ ಎರಡು ಪ್ರಾಣಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಉಪಯುಕ್ತ. ಆಫ್ರಿಕಾದ ಕಾಡುನಾಯಿಗಳು ದಿನಕ್ಕೆ ಸುಮಾರು ಮೂರೂವರೆ ಗಂಟೆ ಬೇಟೆಯಾಡುತ್ತವೆ, ಆ ಹೊತ್ತಿನಲ್ಲಿ ಅಪಾರ ಶಕ್ತಿ ಸುಡುತ್ತವೆ. ಬೇಟೆಯ ನಾಲ್ಕನೇ ಒಂದು ಭಾಗವನ್ನು ಕತ್ತೆಕಿರುಬಗಳಿಗೆ ಕಳೆದುಕೊಂಡರೆ ಅದನ್ನು ತುಂಬಿಕೊಳ್ಳಲು ದಿನಕ್ಕೆ ಹನ್ನೆರಡು ಗಂಟೆ ಬೇಟೆಯಾಡಬೇಕಾಗುತ್ತದೆ ಎಂದು 1998ರಲ್ಲಿ ಪ್ರಕಟವಾದ ಲೆಕ್ಕವೊಂದು ಹೇಳಿತು. ಬಹುಕಾಲ ಇದೇ ಕೊನೆಯ ಮಾತಾಗಿತ್ತು. ಮುಂದೆ 2016ರಲ್ಲಿ ಬೋಟ್ಸ್‌ವಾನಾದ ಓಕವಾಂಗೋ ಮುಖಜಭೂಮಿಯ ಕಾಡುನಾಯಿಗಳಿಗೆ ಚಲನೆ ದಾಖಲಿಸುವ ಕೊರಳಪಟ್ಟಿ ಕಟ್ಟಿ ಪ್ರತಿ ಓಟವನ್ನೂ ಅಳೆದಾಗ, ಮರಗಿಡಗಳಿರುವ ಆ ನೆಲದಲ್ಲಿ ಅವು ದೂರ ಓಡುತ್ತಲೇ ಇಲ್ಲ, ಚಿಕ್ಕ ಚಿಕ್ಕ ಓಟಗಳಲ್ಲಿ ಬೇಟೆ ಮುಗಿಸುತ್ತವೆ, ಆದ್ದರಿಂದ ಅಷ್ಟು ಸುಲಭವಾಗಿ ಸೋಲುವುದಿಲ್ಲ ಎಂದು ತಿಳಿದುಬಂತು. ಎರಡೂ ಸತ್ಯವೆಂದೇ ನನ್ನ ಅಭಿಪ್ರಾಯ. ಬಯಲಿನಲ್ಲಿ ರಣಹದ್ದುಗಳು ಇಳಿಯುವುದನ್ನು ಕತ್ತೆಕಿರುಬ ಬಹುದೂರದಿಂದ ಕಾಣುತ್ತದೆ. ಪೊದೆಗಳ ನಡುವೆ ಕಾಣುವುದಿಲ್ಲ. ನಾಯಿಗೆ ಸಿಗುವ ಹೊತ್ತನ್ನು ನೆಲದ ಸ್ವರೂಪವೇ ಅಳೆದು ಕೊಡುತ್ತದೆ. ಗುಂಪು ದೊಡ್ಡದಿದ್ದರೆ ಒಂದಷ್ಟು ನಾಯಿಗಳು ಕತ್ತೆಕಿರುಬದ ಹಿಂಗಾಲಿಗೆ ಮುತ್ತುತ್ತವೆ, ಉಳಿದವು ನುಂಗುತ್ತವೆ, ಹೊಟ್ಟೆಯಲ್ಲಿ ತುಂಬಿಕೊಂಡದ್ದನ್ನು ಮರಿಗಳ ಮುಂದೆ ಕಕ್ಕುತ್ತವೆ.

ಚೀತಾದ ದಾರಿ ಇದಕ್ಕೆ ತದ್ವಿರುದ್ಧ. ಅದು ಹೋರಾಡುವುದೇ ಇಲ್ಲ. ಹಗಲು ಬೇಟೆಯಾಡುತ್ತದೆ, ಕತ್ತೆಕಿರುಬದ ಕೂಗು ಕೇಳಿದರೆ ಆ ಜಾಗವನ್ನೇ ಬಿಟ್ಟು ಸರಿಯುತ್ತದೆ, ಹೆಣದ ಮೇಲೆ ಒಂದೇ ಕತ್ತೆಕಿರುಬ ಬಂದರೂ ಎದ್ದು ಹೋಗುತ್ತದೆ. ಕಾಲು ಮುರಿದುಕೊಂಡ ಚೀತಾ ಮತ್ತೆ ಬೇಟೆಯಾಡಲಾರದು, ಆದ್ದರಿಂದ ಒಂದು ಜಿಂಕೆಗಾಗಿ ಮೈಯನ್ನು ಪಣಕ್ಕಿಡುವುದು ಅದಕ್ಕೆ ಕಟ್ಟುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಈ ಬದುಕು ಹೇಗೆ ನಡೆಯುತ್ತದೆ ಎಂದು ನಾನು ಮರುಗುತ್ತಿದ್ದೆ. ಆದರೆ 2014ರ ಅಧ್ಯಯನವೊಂದು ದಕ್ಷಿಣ ಆಫ್ರಿಕಾ ಭಾಗದ ಚೀತಾಗಳ ಶಕ್ತಿವ್ಯಯವನ್ನು ಅಳೆದು, ಅವುಗಳ ಖರ್ಚಿನ ದೊಡ್ಡ ಪಾಲು ಆ ಪ್ರಸಿದ್ಧ ಓಟಕ್ಕಲ್ಲ, ಬೇಟೆ ಹುಡುಕುತ್ತ ನಡೆಯುವುದಕ್ಕೆ ಹೋಗುತ್ತದೆ ಎಂದು ತೋರಿಸಿತು. ನಾಲ್ಕನೇ ಒಂದು ಭಾಗ ಬೇಟೆ ಕಳೆದುಕೊಂಡರೂ ಅದು ತಾಳಿಕೊಳ್ಳಬಲ್ಲದು. ಚೀತಾ ಬಿಟ್ಟುಕೊಡುವುದನ್ನು ಸೋಲು ಎಂದು ಬರೆದವರ ಸಾಲಿನಲ್ಲಿ ನಾನೂ ಇದ್ದೆ. ಆ ಮಾತನ್ನು ಈಗ ಹಿಂದಕ್ಕೆ ಪಡೆಯುತ್ತೇನೆ.

ಚಿರತೆಯ ಉಪಾಯ ಎಲ್ಲರಿಗೂ ಗೊತ್ತಿರುವುದೇ: ಹೆಣವನ್ನು ಮರಕ್ಕೆ ಎಳೆದೊಯ್ಯುವುದು. ಕತ್ತೆಕಿರುಬಕ್ಕೆ ಮರ ಹತ್ತಲು ಬಾರದು. ಕೊಂಬೆಯ ಮೇಲೆ ಇಟ್ಟ ಇಂಪಾಲ ಎಂಬ ಹುಲ್ಲೆಯನ್ನು ಚಿರತೆ ಎರಡು ಮೂರು ದಿನ ತಿನ್ನುತ್ತದೆ. ಕೆಳಗೆ ನಿಂತ ಕತ್ತೆಕಿರುಬ ಜಾರಿ ಬೀಳುವ ತುಣುಕಿಗೆ ತಲೆಯೆತ್ತಿ ನೋಡುತ್ತದೆ. ಅರ್ಧ ಗಂಟೆಯನ್ನು ಮೂರು ದಿನವಾಗಿ ಹಿಗ್ಗಿಸಿಕೊಂಡ ಪ್ರಾಣಿ ಅದೊಂದೇ.

ಕತ್ತೆಕಿರುಬದ ಬಳಗದಲ್ಲಿ ಇನ್ನೂ ಮೂರು ಜಾತಿಗಳಿವೆ. ಗೆದ್ದಲು ತಿಂದು ಬದುಕುವ ಆರ್ಡ್‌ವುಲ್ಫ್ ಈ ಜಗಳದಿಂದಲೇ ಹೊರಗೆ. ಕಲಹಾರಿ ಮರುಭೂಮಿಯ ಕಂದು ಕತ್ತೆಕಿರುಬ ಒಂಟಿಯಾಗಿ ಆಹಾರ ಹುಡುಕುತ್ತದೆ. ಕೊರಳಿನ ಉದ್ದ ಕೂದಲನ್ನು ಕೆದರಿ ನಿಲ್ಲಿಸಿಕೊಂಡು ಚೀತಾವನ್ನು, ಕೆಲವೊಮ್ಮೆ ಚಿರತೆಯನ್ನೂ ಹೆಣದಿಂದ ಎಬ್ಬಿಸುತ್ತದೆ, ಆದರೆ ಚುಕ್ಕೆಯ ಸೋದರ ಬಂದರೆ ತಾನೇ ದಾರಿ ಬಿಡುತ್ತದೆ. ಪಟ್ಟೆ ಕತ್ತೆಕಿರುಬದ ಬಗ್ಗೆ 2016ರಲ್ಲಿ ಪ್ರಕಟವಾದ ಒಂದು ವರದಿ ಮಾತ್ರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ತೋಳಗಳ ಗುಂಪಿನ ನಡುವೆಯೇ, ಅವುಗಳ ಹಿಂದೆ ದೂರದಲ್ಲಿ ಅಲ್ಲ, ಪಟ್ಟೆ ಕತ್ತೆಕಿರುಬವೊಂದು ಸಾಗುತ್ತಿದ್ದುದನ್ನು ಕಂಡವರು ಬರೆದಿದ್ದಾರೆ. ತೋಳಕ್ಕೆ ಬೇಟೆಯಾಡುವ ಚಾತುರ್ಯ, ಇದಕ್ಕೆ ಮೂಸುವ ಮೂಗು ಮತ್ತು ಎಲುಬು ಒಡೆಯುವ ದವಡೆ. ಬರಡು ನೆಲದಲ್ಲಿ ಇಬ್ಬರಿಗೂ ಇನ್ನೊಬ್ಬರಿಂದ ಪ್ರಯೋಜನವಿದ್ದಿರಬಹುದು. ಜಗಳ ಸ್ವಭಾವವಲ್ಲ, ಸಂದರ್ಭ ಎಂದು ನನಗನ್ನಿಸಿದ್ದು ಅದನ್ನು ಓದಿದಾಗ.

ಈ ಸಂದರ್ಭವನ್ನು ಈಗ ಬದಲಿಸುತ್ತಿರುವವರು ಮನುಷ್ಯರು. ಮಸಾಯಿ ಮಾರಾದ ತಾಲೆಕ್ ಭಾಗದಲ್ಲಿ ದನಕರುಗಳನ್ನು ಮೇಯಿಸುವುದು ಮತ್ತು ಜನರ ಓಡಾಟ ಹೆಚ್ಚಿದಂತೆ ಸಿಂಹಗಳು ಕಡಿಮೆಯಾದವು, ಕತ್ತೆಕಿರುಬಗಳು ಹೆಚ್ಚಿದವು, ಅವುಗಳ ಮರಿಗಳು ಬದುಕುಳಿಯುವ ಪ್ರಮಾಣವೂ ಏರಿತು. ಕತ್ತೆಕಿರುಬವನ್ನು ಪ್ರೀತಿಸುವ ನನಗೆ ಇದು ಸಂತೋಷದ ಸುದ್ದಿಯಾಗಬೇಕಿತ್ತು. ಆಗಲಿಲ್ಲ. ಸಿಂಹವಿಲ್ಲದ ಬಯಲಿನಲ್ಲಿ ಆ ಹಲ್ಲು, ಆ ಹೊಟ್ಟೆ, ಆ ಕೂಗು, ಆ ಎಣಿಕೆ ಯಾವುದಕ್ಕೂ ಪೂರ್ತಿ ಅರ್ಥ ಉಳಿಯುವುದಿಲ್ಲ.

ಈ ಎಲ್ಲ ಪ್ರಾಣಿಗಳೂ ಕಸಿಯಲಾಗದ ಜಾಗದಲ್ಲಿ ಆಹಾರವನ್ನು ಇಡಲು ಹೆಣಗುತ್ತವೆ. ಚಿರತೆಗೆ ಮರವಿದೆ, ಕಾಡುನಾಯಿಗೆ ತನ್ನ ಹೊಟ್ಟೆ. ಚುಕ್ಕೆ ಕತ್ತೆಕಿರುಬದ ತಾಯಿ ಮರಿಗಳಿಗಾಗಿ ಮಾಂಸ ಹೊತ್ತು ತರುವುದು ಅಪರೂಪ, ತಿಂದದ್ದನ್ನು ಕಕ್ಕಿ ಉಣಿಸುವುದೂ ಇಲ್ಲ. ಅದು ಎಲ್ಲವನ್ನೂ ಹಾಲಾಗಿಸುತ್ತದೆ. ಮಾಂಸಾಹಾರಿಗಳಲ್ಲೇ ಅತ್ಯಂತ ಪುಷ್ಟಿಯಾದ ಹಾಲುಗಳಲ್ಲಿ ಅದೂ ಒಂದು; ಒಂದು ವರ್ಷಕ್ಕೂ ಹೆಚ್ಚು ಕಾಲ ಮರಿ ಅದನ್ನು ಕುಡಿಯುತ್ತದೆ. ಸೆರೆಂಗೆಟಿಯಲ್ಲಿ ಹಿಂಡುಗಳು ವಲಸೆ ಹೋದಾಗ ಹಾಲೂಡುವ ತಾಯಂದಿರು ನಲವತ್ತು ಕಿಲೋಮೀಟರಿಗೂ ದೂರ ನಡೆದುಹೋಗಿ, ಬೇರೆ ಕುಲಗಳ ನೆಲದಲ್ಲಿ ಬೇಟೆಯಾಡಿ, ಕೆಲವು ದಿನಗಳ ನಂತರ ಮರಳುವುದನ್ನು ಹೆರಿಬರ್ಟ್ ಹೋಫರ್ ಮತ್ತು ಮೇರಿಯನ್ ಈಸ್ಟ್ ದಾಖಲಿಸಿದ್ದಾರೆ. ಹೆಣದ ಮುಂದೆ ಅದಕ್ಕೆ ಅರ್ಧ ಗಂಟೆಯೂ ಸಿಕ್ಕಿರಲಿಕ್ಕಿಲ್ಲ. ಬಿಲದ ಬಾಯಿಗೆ ಬಂದು ಅದು ಒಳಗೆ ನುಗ್ಗುವುದಿಲ್ಲ, ನುಗ್ಗಲಾರದು. ಮರಿಗಳೇ ತೋಡಿಕೊಂಡ ಆ ಒಳದಾರಿ ಸಿಂಹವಿರಲಿ, ಹೆತ್ತ ತಾಯಿಯೂ ಹಿಡಿಸದಷ್ಟು ಇಕ್ಕಟ್ಟು. ಅದು ತಲೆ ತಗ್ಗಿಸಿ ಮೆಲ್ಲನೆ ಒಂದು ಸಲ ದನಿ ಮಾಡುತ್ತದೆ. ಕತ್ತಲಿನಿಂದ ಮಣ್ಣು ಮೆತ್ತಿದ ಮೂತಿಯೊಂದು ಹೊರಬರುತ್ತದೆ. ತಾಯಿ ಪಕ್ಕಕ್ಕೆ ಒರಗಿ ಕಣ್ಣು ಮುಚ್ಚುತ್ತದೆ, ಮರಿ ಗಂಟೆಗಟ್ಟಲೆ ಕುಡಿಯುತ್ತದೆ.